ಗ್ರೀಸ್ ಏನು ಕೊಡುತ್ತೆ?

"ಹರಿಪ್ರಸಾದ್ ಸರ್‌ನ ಕೆಲಸದಿಂದ ತೆಗೀತಾರಂತೆ ಕಣೇ! ಕಂಪ್ಲೇಂಟಲ್ಲಿ ಫಸ್ಟ್ ಸಹಿ ಯಾರ್ದು ಗೊತ್ತಾ? ನಿಮ್ಮಪ್ಪಂದು!"

ಶಿವಮೊಗ್ಗದ ಪಿಯು ಕಾಲೇಜಿನ ಗೇಟಿನ ಬಳಿ, ಬಾಯಿತುಂಬ ಚುರುಮುರಿ ಇಟ್ಟುಕೊಂಡೇ ಸುಶ್ಮಿತಾ ಹೇಳಿದಳು.

"ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದಳು ಪೂಜಿತಾ.

"ಆಫೀಸಲ್ಲಿ ಕಣ್ಣಾರೆ ನೋಡ್ದೆ. ಮೂರ್ತಪ್ಪ, ಭದ್ರಾವತಿ. 'ಫಿಸಿಕ್ಸ್ ಪಾಠ ಮಾಡಲ್ಲ, ಬರೀ ಪ್ರಶ್ನೆ ಕೇಳ್ತಾರೆ, ಉತ್ತರ ಹೇಳಲ್ಲ' ಅಂತ ಬರ್ದಿದಾರೆ. ನಾಳೆ ಸರ್‌ಗೆ ಲಾಸ್ಟ್ ಡೇ ಅಂತೆ."

ಉತ್ತರ ಹೇಳಲ್ಲ. ಅದು ಪೂಜಿತಾಳದೇ ಮಾತು. ಭಾನುವಾರ ಅಪ್ಪ ಅವಳ ನೋಟ್‌ಬುಕ್ ತಿರುವಿಹಾಕಿ, "ಬರೀ ಪ್ರಶ್ನೆನೇ ಇದೆಯಲ್ಲಮ್ಮ, ಉತ್ತರ ಎಲ್ಲಿ?" ಎಂದಾಗ, ಮೊಬೈಲಿನಿಂದ ತಲೆಯೆತ್ತದೆ "ಸರ್ ಹೇಳಲ್ಲಪ್ಪ" ಎಂದು ನಕ್ಕಿದ್ದಳು.

ಹೇಳುವುದಿಲ್ಲ, ನಿಜ. ಸರ್ ಬೋರ್ಡಿನ ಮೇಲೆ ಒಂದು ಪ್ರಶ್ನೆ, ನಾಲ್ಕು ಉತ್ತರ ಬರೆದು, ಎಷ್ಟನೆಯದು ಸರಿಯೋ ಅಷ್ಟು ಬೆರಳೆತ್ತಿ ಅನ್ನುತ್ತಾರೆ. ಆಮೇಲೆ ಪಕ್ಕದವರ ಜೊತೆ ವಾದಕ್ಕೆ ಬಿಟ್ಟುಬಿಡುತ್ತಾರೆ. ಹತ್ತನೇ ಕ್ಲಾಸಿನವರೆಗೂ ಉರುಹೊಡೆದೇ ಬಂದಿದ್ದ ಪೂಜಿತಾ ಹೋದ ವಾರ, ಇಡೀ ಕ್ಲಾಸು ಎರಡು ಬೆರಳೆತ್ತಿದಾಗ ಒಬ್ಬಳೇ ಮೂರೆತ್ತಿದ್ದಳು. ವಾದ ಮಾಡಿ ಐದು ಜನರನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. ಕೊನೆಗೆ ಪ್ರಯೋಗ ಮಾಡಿ ನೋಡಿದಾಗ ಅದೇ ಸರಿಯುತ್ತರವಾಗಿತ್ತು! ಇನ್ನು ಅಂಥ ದಿನ ಬರುವುದೇ ಇಲ್ಲ.

ಭದ್ರಾವತಿಯ ಬಸ್ಸು ಹತ್ತಿದವಳು ಮನೆಗೆ ಹೋಗಲಿಲ್ಲ. ಅಪ್ಪ ಕೆಲಸ ಮಾಡುವ ಮಾಚೇನಹಳ್ಳಿಯಲ್ಲಿ ಇಳಿದು ಶೆಡ್ಡಿಗೆ ಓಡಿದಳು. ಅಪ್ಪ ಗ್ರೈಂಡಿಂಗ್ ಮಿಷಿನ್ನಿನ ಮುಂದಿದ್ದ.

"ಅಪ್ಪ, ಆ ಸಹಿ ವಾಪಸ್ ತಗೋ. ಕಾಲಿಗೆ ಬೀಳ್ತೀನಿ!"

ಸದ್ದಿನಲ್ಲಿ ಕೇಳಿಸದೆ ಅಪ್ಪ ಸ್ವಿಚ್ ಆರಿಸಿದ. ಅವಳು ಮತ್ತೆ ಹೇಳಿದಳು.

"ಆಗಲ್ಲ. ನೀನು ಫೇಲಾಗೋದನ್ನ ನೋಡ್ತಾ ಕೂರ್ಲಾ?"

ಪೂಜಿತಾ ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಕರಗಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಕಲ್ಲಿನ ಚಕ್ರ ಇನ್ನೂ ಸುಯ್ಯೆಂದು ತಿರುಗುತ್ತಿತ್ತು.

"ಆಫ್ ಮಾಡಿದ್ಯಲ್ಲಪ್ಪ, ಇನ್ನೂ ಯಾಕೆ ತಿರುಗ್ತಿದೆ?"

"ಒಳಗೆ ಫೋರ್ಸ್ ಉಳ್ದಿರುತ್ತೆ. ಮುಗಿದ್ಮೇಲೆ ನಿಲ್ಲುತ್ತೆ."

"ಬೇರಿಂಗ್ ಒಣಗಿದ್ರೆ?"

"ಕಿರ್ರ್ ಅಂದು ಬೇಗ ನಿಲ್ಲುತ್ತೆ."

"ಗ್ರೀಸ್ ಹಾಕಿದ್ರೆ?"

"ಜಾಸ್ತಿ ಹೊತ್ತು ತಿರುಗುತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಹಂಗಾದ್ರೆ ಗ್ರೀಸ್ ಫೋರ್ಸ್ ಕೊಡುತ್ತಾ?"

"ಗ್ರೀಸ್ ಎಲ್ಲಿಂದ ಕೊಡುತ್ತೆ? ಅದು ಹಿಡಿಯೋದನ್ನ ಕಮ್ಮಿ ಮಾಡುತ್ತೆ, ಅಷ್ಟೇ."

"ಹಿಡಿಯೋದು ಏನೂ ಇಲ್ದೇ ಇದ್ರೆ?"

"ಏನೂ ಹಿಡೀದಿದ್ರೆ..." ಅಪ್ಪ ತಡವರಿಸಿದ. "ನಿಲ್ಲೋದ್ಯಾಕೆ?" ತನ್ನ ಮಾತಿಗೆ ತಾನೇ ಬೆರಗಾಗಿ ಚಕ್ರದತ್ತ ತಿರುಗಿದ. "ಥೂ, ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ ಇದನ್ನ."

"ಈಗ ಉತ್ತರ ನಾನು ಹೇಳಿದ್ನಾ?"

ಚಕ್ರ ಪೂರ್ತಿ ನಿಲ್ಲುವವರೆಗೂ ಅಪ್ಪ ಅದನ್ನೇ ನೋಡಿದ. ಆಮೇಲೆ, "ಸರಿ ಕಣಮ್ಮ, ಪರೀಕ್ಷೇಲಿ ಹಿಂಗೆ ಕೇಳ್ತಾರಾ? ಅಲ್ಲೇನು ಬರೀತೀಯ?" ಎಂದ.

ಪೂಜಿತಾ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ತಿರುವಿದಳು; ಬರೀ ಪ್ರಶ್ನೆಗಳೇ. ಮತ್ತೆ ಕಣ್ಣು ತುಂಬಿತು. ಮುಗಿಯಿತು ಅಂದುಕೊಂಡಳು.

ಅಪ್ಪ ಕೈಯೊರೆಸಿಕೊಂಡು ಪ್ರಿನ್ಸಿಪಾಲರಿಗೆ ಫೋನ್ ಹಚ್ಚಿದ.

"ನಾನು ಮೂರ್ತಪ್ಪ ಸಾರ್, ಪೂಜಿತಾ ತಂದೆ. ಇಲ್ಲ, ಸಹಿ ವಾಪಸ್ ತಗೋತಿಲ್ಲ. ಪರೀಕ್ಷೆ ಬಗ್ಗೆ ಆ ಮೇಷ್ಟ್ರನ್ನ ಒಂದು ಪ್ರಶ್ನೆ ಕೇಳ್ಬೇಕಿತ್ತು. ಅಲ್ಲೀತನಕ ಅವ್ರನ್ನ ಕಳಿಸ್ಬೇಡಿ... ನಾಳೆ ಒಂಬತ್ತೂವರೆಗಾ? ಮಗಳನ್ನೂ ಕರ್ಕೊಂಡು ಬರ್ತೀನಿ."