ಸೂನ್ ಮಾಸ್ಟರ್ ಹೊಲಿದ ಕೋಟು

ಟೈಲರ್ ಮಾಸ್ಟರಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಒಗ್ಗಿದ್ದು ಒಂದೇ ಪದ, ಸೂನ್. ರಸೀದಿಯಲ್ಲಿ ತಾರೀಖು ಬರೆಯಬೇಕಾದ ಜಾಗದಲ್ಲೆಲ್ಲ ಅದನ್ನೇ ಬರೆಯುತ್ತಿದ್ದರು. ತಾರೀಖು ಕೊಟ್ಟರೆ ತಪ್ಪಬಹುದು, ಸೂನ್ ಕೊಟ್ಟರೆ ತಪ್ಪುವ ಮಾತೇ ಇಲ್ಲ. ಬೀದಿಯವರು ಅವರನ್ನು ಸೂನ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಬಿರುದು ಅಂದರೆ ಸುಮ್ಮನೆ ಬರುತ್ತದೆಯೇ?

ಆದರೆ ಈ ಸಲ ಗಿರಾಕಿ ಸ್ವಂತ ಹೆಂಡತಿ. ಐವತ್ತೆರಡನೆಯ ವಯಸ್ಸಿನಲ್ಲಿ ಆಕೆ ಒಂದು ಗಾಯನ ತಂಡ ಸೇರಿದ್ದರು. ಶನಿವಾರ ಸಂಜೆ ಆರಕ್ಕೆ ಮೊದಲ ಸಲ ವೇದಿಕೆ ಹತ್ತಬೇಕು. ನೀಲಿ ಕೋಟು ಇಲ್ಲದವರು ಕೆಳಗೇ ಕೂರಬೇಕೆಂಬುದು ತಂಡದ ನಿಯಮ. ಬಟ್ಟೆ ಕೊಟ್ಟು ಎರಡು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಅದೇ ಸೂನ್.

ಗುರುವಾರ ಮಗಳು ಅಂಗಡಿಗೆ ಬಂದಳು. ಅವಳು ಶಾಲೆಯಲ್ಲಿ ಇಂಗ್ಲಿಷ್ ಟೀಚರ್.

"ಅಪ್ಪಾ, ಸೂನ್ ಅಂದ್ರೆ ಏನು?"

"ಬೇಗ."

"ಬರೀ ಬೇಗ ಅಲ್ಲಪ್ಪ, ಇನ್ನು ಸ್ವಲ್ಪ ಹೊತ್ತಲ್ಲೇ ಆಗತ್ತೆ ಅಂತ. ಬಸ್ಸು ಹೊರಟಿದ್ರೆ ಸೂನ್ ಬರತ್ತೆ ಅನ್ನಬಹುದು. ಡಿಪೋದಲ್ಲೇ ಮಲಗಿದ್ರೆ? ಅಮ್ಮನ ಕೋಟು ಎಲ್ಲಿವರೆಗೆ ಬಂತು?"

ಅಮ್ಮನ ಕೋಟು ಇನ್ನೂ ಬಟ್ಟೆಯ ಗಂಟಿನಲ್ಲೇ ಇತ್ತು. ಮಾಸ್ಟರ್ ಮುಖ ಹುಳ್ಳಗಾಯಿತು. ಅಂದೇ ಕತ್ತರಿ ಹಿಡಿದರು. ಹೆಂಡತಿಯ ಅಳತೆ ಬಾಯಿಪಾಠ, ಟೇಪು ಯಾಕೆ? ಶನಿವಾರ ಮಧ್ಯಾಹ್ನಕ್ಕೆ ಕೋಟು ಸಿದ್ಧವಾಯಿತು.

ಐದು ಗಂಟೆಗೆ ಆಕೆ ಮಗಳ ಜೊತೆ ಅಂಗಡಿಗೆ ಬಂದು ಕೋಟು ಹಾಕಿಕೊಂಡರು. ಗುಂಡಿಗೂ ಕಾಜಕ್ಕೂ ನಾಲ್ಕು ಬೆರಳು ಅಂತರ! ಮಾಸ್ಟರಿಗೆ ಬಾಯಿಪಾಠವಾಗಿದ್ದು ಮದುವೆಯಾದ ವರ್ಷದ ಅಳತೆ.

ಆಕೆಯ ಕಣ್ಣು ತುಂಬಿತು. "ಬಿಡಿ, ನಾನು ಕೆಳಗೇ ಕೂತ್ಕೋತೀನಿ."

"ಕೂರೋದಾ? ನೆಟ್ಟಗೆ ನಿಂತ್ಕೊಳ್ಳೇ."

ಮಾಸ್ಟರ್ ಟೇಪು ಹಿಡಿದು ಎದೆ, ಸೊಂಟ, ತೋಳು ಅಳೆದರು. ಸೊಂಟದ ಅಂಕಿ ಕಂಡು ಏನೋ ಹೇಳಲು ಹೋಗಿ, ಜಾಣರಂತೆ ಬಾಯಿ ಮುಚ್ಚಿಕೊಂಡರು. ಪುಣ್ಯಕ್ಕೆ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುವ ಕೈ ಅವರದು. ಎರಡೂ ಪಕ್ಕದ ಹೊಲಿಗೆ ಸರಸರ ಬಿಚ್ಚಿದರು.

"ಎಷ್ಟೊತ್ತಾಗತ್ತಪ್ಪಾ?" ಮಗಳು ಬಾಗಿಲಿನಿಂದ ಕೂಗಿದಳು.

ಮಾಸ್ಟರ್ ಗಡಿಯಾರ ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಸೂನ್ ಅನ್ನು ನುಂಗಿಕೊಂಡರು.

"ಇಪ್ಪತ್ತು ನಿಮಿಷ."

ಮಷೀನು ಓಡಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಗುಂಡಿ ಕಾಜದೊಳಗೆ ಸಲೀಸಾಗಿ ಕೂತಿತು. ಮೂವರೂ ಬಿದ್ದೆವೋ ಎದ್ದೆವೋ ಎಂದು ಸಭಾಂಗಣಕ್ಕೆ ಓಡಿದರು. ವೇದಿಕೆಯ ಮೆಟ್ಟಿಲ ಬಳಿ ಆಕೆ ಏದುಸಿರು ಬಿಡುತ್ತ ಗಂಡನ ಕಡೆ ತಿರುಗಿ ನಕ್ಕರು.

"ಮೂವತ್ತು ವರ್ಷ ಆಗಿತ್ತು ರೀ, ನೀವು ನನ್ನ ಸರಿಯಾಗಿ ನೋಡಿ."

ಮಾಸ್ಟರ್ ಮುಂದಿನ ಸಾಲಿನಲ್ಲಿ ಕೂತು ಆಕೆಯ ಮುಖವನ್ನೇ ನೋಡಿದರು. ಹಾಡು ಮುಗಿಯುವವರೆಗೂ ಕೋಟಿನ ಹೊಲಿಗೆಯ ಮೇಲೆ ಅವರ ಕಣ್ಣು ಒಮ್ಮೆಯೂ ಹೋಗಲಿಲ್ಲ.