ಎಡಗೊಂಬಿನ ಹಿತ್ತಾಳೆ

ಕದರಮಂಡಲಗಿಯ ಮಾಲತೇಶಪ್ಪನಿಗೆ ಊರ ಆಂಜನೇಯನ ಮೇಲೆ ಎಷ್ಟು ನಂಬಿಕೆಯೋ ಆ ತುಂಡಿನ ಮೇಲೂ ಅಷ್ಟೇ. ಬಲ ಪಕ್ಕೆಯ ಕೆಳಗೆ, ಹೊಲಿಗೆ ಹಾಕಿದ ಹಳೆಯ ಗಾಯದೊಳಗೆ, ಜೋಳದ ಕಾಳಿನಷ್ಟು ಹಿತ್ತಾಳೆ ಉಳಿದಿದೆ, ಅದೇ ನಾಲ್ಕು ವರ್ಷದಿಂದ ತನ್ನನ್ನು ತಿನ್ನುತ್ತಿದೆ ಎಂದು ಸಿಕ್ಕಸಿಕ್ಕವರ ಮುಂದೆ ಅಂಗಿ ಎತ್ತಿ ತೋರಿಸುತ್ತಿದ್ದ. ನೋಡಿ ನೋಡಿ ಊರವರಿಗೇ ಸಾಕಾಗಿತ್ತು.

ನಡೆದದ್ದು ಇಷ್ಟು. ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಮೋಟೆಬೆನ್ನೂರಿನಲ್ಲಿ ಕೊಬ್ಬರಿ ಹೋರಿ ಬಿಟ್ಟಿದ್ದರು. ಓಡುವ ಹೋರಿಯ ಕೊರಳಿನ ಕೊಬ್ಬರಿ ಸರ ಹರಿದುಕೊಂಡವನೇ ಗಂಡಸು. ಆ ಊರಿನ ವೀರೇಂದ್ರನ ಹೋರಿಯ ಸರಕ್ಕೆ ಮಾಲತೇಶಪ್ಪ ಕೈಹಾಕಿದ. ಅದು ಎಡಗೊಂಬಿನಿಂದ ಅವನನ್ನು ಎತ್ತಿ, ಎರಡು ಸಲ ಝಾಡಿಸಿ, ಬೇಲಿಯ ಗಳದ ಮೇಲೆ ಎಸೆಯಿತು. ಅವನದೇ ಧೋತರ ಹರಿದು ಹೊಟ್ಟೆಗೆ ಬಿಗಿದು ಟಂಟಂ ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಹೋರಿ ಬಿಡುವ ಮುಂಚೆ ಕೊಂಬಿನ ತುದಿಗೆ ತೊಡಿಸಿದ ಹಿತ್ತಾಳೆ ಕೋಡಣಸು ತೆಗೆಯಲೇಬೇಕು, ಅದು ಕಟ್ಟಳೆ. ಸಂಜೆ ಹಿರಿಯರು ಕೇಳಿದರೆ ವೀರೇಂದ್ರನ ಕೈಯಲ್ಲಿ ಒಂದೇ ಕೋಡಣಸು!

"ಎರಡೂ ತಗದೇ ಬಿಟ್ಟೇನಿ. ಇನ್ನೊಂದು ಗದ್ದಲದಾಗ ಎಲ್ಲೋ ಬಿತ್ತು" ಎಂದ ವೀರೇಂದ್ರ.

"ಅದರ ತುದಿ ಮುರದು ಬಿದ್ದಿದ್ದು ನನ್ನ ಹೊಟ್ಯಾಗ" ಎಂದ ಮಾಲತೇಶಪ್ಪ, ಎದ್ದು ಕೂರುವಂತಾದ ದಿನವೇ.

ತುಂಡು ತಂದು ತೋರಿಸು, ವೀರೇಂದ್ರ ಜನ್ಮದಲ್ಲಿ ಹೋರಿ ಬಿಡದ ಹಾಗೆ ಮಾಡುತ್ತೇವೆ ಎಂದರು ಹಿರಿಯರು. ಹಾವೇರಿಯಲ್ಲಿ ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲಿಲ್ಲ. ಎಕ್ಸ್‌ರೇ ತೆಗೆದವನು ವೀರೇಂದ್ರನ ಬೀಗರ ಪೈಕಿ ಎಂದು ಮಾಲತೇಶಪ್ಪ ತೀರ್ಮಾನಿಸಿಬಿಟ್ಟ. ನೋವಿಗೆ ಮಾತ್ರ ತೀರ್ಮಾನವಿರಲಿಲ್ಲ. ಬಗ್ಗಿದರೆ ಚುಚ್ಚುತ್ತಿತ್ತು, ನಕ್ಕರೆ ಚುಚ್ಚುತ್ತಿತ್ತು. ಚುಚ್ಚಿದಾಗ ಎದುರಿಗೆ ಹೆಂಡತಿ ಪ್ರೇಮವ್ವ ಸಿಕ್ಕರೆ ಅವಳ ಕೈ ತಿರುವುತ್ತಿದ್ದ.

ಎರಡು ವರ್ಷದ ಹಿಂದೆ ಬ್ಯಾಡಗಿ ಪ್ಯಾಟಿಯಲ್ಲಿ ಮೆಣಸಿನಕಾಯಿ ಚೀಲ ಎತ್ತಲು ಹೋಗಿ ಪಕ್ಕೆ ಹಿಡಿದುಕೊಂಡು ಕುಸಿದ. ಎದುರಿನ ಚಹಾದಂಗಡಿಯಲ್ಲಿ ವೀರೇಂದ್ರ ಯಾರದೋ ಮಾತಿಗೆ ನಗುತ್ತಿದ್ದ. ಅಷ್ಟೇ ಸಾಕಾಯಿತು. ಗಾಡಿಯಿಂದ ಕಬ್ಬಿಣದ ಸಲಾಕೆ ಎಳೆದುಕೊಂಡು ಹೋಗಿ ಅವನ ಬಲಗೈಗೆ ಬಾರಿಸಿದ. ಒಂದು, ಎರಡು, ಮೂರು. ಮೂರನೆಯದಕ್ಕೆ ಎಲುಬು ಲಟಕ್ಕೆಂದದ್ದು ಮಾಲತೇಶಪ್ಪನ ಕಿವಿಗೇ ಕೇಳಿತು. ಅದರ ಕೇಸು ಕೋರ್ಟಿನಲ್ಲಿ ಇನ್ನೂ ಎಳೆದಾಡುತ್ತಿದೆ. ಆದರೆ ಅವತ್ತು, ನಿಜ ಹೇಳಬೇಕೆಂದರೆ, ಅವನಿಗೆ ಹೊಟ್ಟೆತುಂಬ ಊಟ ಸೇರಿತ್ತು.

ಈ ಸಲ ಪ್ರೇಮವ್ವನೇ ಅವನನ್ನು ರಾಣೇಬೆನ್ನೂರಿಗೆ ಎಳೆದುಕೊಂಡು ಹೋದಳು. ಹಳೆಯ ನೋವಿಗೆಂದೇ ಅಲ್ಲೊಬ್ಬ ಡಾಕ್ಟರು ಕೂರುತ್ತಾರಂತೆ, ಶ್ವೇತಾ ಎಂದು ಹೆಸರು. ತುಂಡು ಹೊರಗೆ ಬರುತ್ತದೆಂಬ ಆಸೆಗೆ ಮಾಲತೇಶಪ್ಪ ಹೊರಟ. ಅದನ್ನು ಕಟ್ಟಿಕೊಳ್ಳಲು ಬಿಳಿ ಕರವಸ್ತ್ರವನ್ನೂ ಇಟ್ಟುಕೊಂಡಿದ್ದ.

ಶ್ವೇತಾ ಗಾಯದ ಮೇಲೆ ಸ್ಕ್ಯಾನಿಂಗ್ ಯಂತ್ರ ಆಡಿಸಿ ಪರದೆಯನ್ನು ಅವನತ್ತ ತಿರುಗಿಸಿದರು.

"ಹಿತ್ತಾಳಿ ಇದ್ದಿದ್ರ ಇಲ್ಲಿ ಬೆಳ್ಳಗ ಹೊಳೀತಿತ್ರಿ. ಏನೂ ಇಲ್ಲ. ಗಾಯ ಮಾಯುವಾಗ ಒಳಗ ಗಂಟಾಗೇತಿ, ಅದು ನರಕ್ಕ ಅಂಟಿಕೊಂಡೇತಿ. ನೀವು ಅಳ್ಳಾಡಿದಾಗೆಲ್ಲ ನರ ಜಗ್ಗತೈತಿ."

ಮಾಲತೇಶಪ್ಪ ಅವರ ಮಣಿಕಟ್ಟು ಹಿಡಿದುಬಿಟ್ಟ. "ಸುಳ್ಳು! ಕೊಯ್ದು ನೋಡ್ರಿ! ಐತಿ ಅದು!"

"ಅವರ ಕೈ ಬಿಡ್ರಿ" ಎಂದಳು ಪ್ರೇಮವ್ವ, ದನಿ ಏರಿಸದೆ. "ಅದು ನನ್ನ ಕೈ ಅಲ್ಲ."

ಅವನು ಬಿಟ್ಟ. ಡಾಕ್ಟರು ಮಣಿಕಟ್ಟು ತಿಕ್ಕಿಕೊಂಡರು. "ಕೊಯ್ಯೂದು ಬ್ಯಾಡ. ಕೊಯ್ದಷ್ಟೂ ಹೊಸಾ ಗಂಟು ಆಗತೈತಿ. ಸೂಜಿಲೆ ಔಷಧದ ನೀರು ಬಿಟ್ಟು ಅಂಟಿದ್ದನ್ನ ಬಿಡಸ್ತೇನಿ. ಹಾಸಿಗಿ ಮ್ಯಾಲ ಮಕ್ಕೋರಿ."

ಮೊದಲು ಮದ್ದು ಚುಚ್ಚಿ ಆ ಜಾಗಕ್ಕೆ ಜೋಮು ಹಿಡಿಸಿದರು. ಆದರೂ ಸೂಜಿ ಗಂಟಿಗೆ ತಾಗಿದಾಗ ಹೋರಿ ಮತ್ತೆ ಬಂತು. ಬಾಯಲ್ಲಿ ಆ ದಿನದ ಧೂಳು, ಕಿವಿಯಲ್ಲಿ ಜನರ ಕೇಕೆ. ಮಾಲತೇಶಪ್ಪ ಹಾಸಿಗೆಯ ಬಟ್ಟೆ ಗಟ್ಟಿಯಾಗಿ ಹಿಡಿದು ವೀರೇಂದ್ರನ ವಂಶವನ್ನೆಲ್ಲ ಬೈದ. ಪರದೆಯಲ್ಲಿ, ಹಂಚಿಗೆ ಅಂಟಿದ ರೊಟ್ಟಿ ಅಂಚಿನಿಂದ ಬಿಟ್ಟುಕೊಂಡಂತೆ, ಗಂಟು ನರದಿಂದ ಮೆಲ್ಲಗೆ ಬಿಟ್ಟಿತು. ಹದಿನೈದು ನಿಮಿಷದ ಕೆಲಸ. ಇಳಿದವನು ಬಗ್ಗಿ ತನ್ನ ಚಪ್ಪಲಿ ತಾನೇ ಹಾಕಿಕೊಂಡ.

"ಜೋಮು ಇಳದ ಮ್ಯಾಲ ನೋಡ್ರಿ. ಇನ್ನೊಂದು ಸಲ ಬೇಕಾಗಬಹುದು" ಎಂದರು ಶ್ವೇತಾ.

ಬೇಕಾಗಲಿಲ್ಲ. ಎಂಟು ದಿನ ಅವನು ಬೆಳಗಾದರೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಹುಡುಕಿದ. ನೋವು ಸಿಗಲಿಲ್ಲ. ಅವನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ತುಂಡೇ ಇರಲಿಲ್ಲವೆಂದರೆ ಆ ಮೂರು ಏಟು ಯಾತಕ್ಕೆ? ಪ್ರೇಮವ್ವನ ಕೈ ತಿರುವಿದ್ದು ಯಾತಕ್ಕೆ? ಅವಳ ಮುಖ ನೋಡಲೂ ನಾಚಿಕೆಯಾಗುತ್ತಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಮೋಟೆಬೆನ್ನೂರಿಗೆ ಹೋದ. ವೀರೇಂದ್ರ ಹಿತ್ತಲಲ್ಲಿ ಎಡಗೈಯಿಂದ ಹೋರಿಯ ಹಗ್ಗ ಕಟ್ಟಲು ಒದ್ದಾಡುತ್ತಿದ್ದ.

"ವೀರೇಂದ್ರ, ಒಳಗ ತುಂಡು ಇರಲಿಲ್ಲಪಾ. ಸ್ಕ್ಯಾನಿಂಗಿನ್ಯಾಗ ನಾನ ಕಣ್ಣಾರೆ ನೋಡೇನಿ. ನಂದ ತಪ್ಪು."

ವೀರೇಂದ್ರ ಹಗ್ಗ ಬಿಟ್ಟ. ಎರಡು ಹೆಜ್ಜೆ ಬಂದು ಎಡ ಮುಷ್ಟಿಯಿಂದ ಸರಿಯಾಗಿ ಆ ಗಾಯದ ಮೇಲೇ ಗುದ್ದಿದ. ಮಾಲತೇಶಪ್ಪ ಸಗಣಿಯಲ್ಲಿ ಬಿದ್ದ. ಉಸಿರು ಕಟ್ಟಿಕೊಂಡು ಹಳೆಯ ನೋವಿಗೆ ಕಾದ. ಅದು ಬರಲಿಲ್ಲ. ಗುದ್ದಿನ ನೋವಷ್ಟೇ ಇತ್ತು, ಅದೂ ಇಳಿಯತೊಡಗಿತು.

"ಇನ್ನೊಂದು ಹೊಡಿ" ಎಂದ.

ವೀರೇಂದ್ರ ಹೊಡೆಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಲ ತೋಳಿನ ಅಂಗಿ ಮೇಲೆತ್ತಿದ. ಭುಜದಿಂದ ಮೊಣಕೈವರೆಗೆ ಹೊಲಿಗೆಯ ಗುರುತು. ಮಾಲತೇಶಪ್ಪನ ಬೆರಳು ಹಿಡಿದು ಅದರ ಮೇಲೆ ಒತ್ತಿದ. ಚರ್ಮದ ಕೆಳಗೆ ಉದ್ದಕ್ಕೂ ಗಟ್ಟಿಯಾಗಿ ಏನೋ ಸಿಕ್ಕಿತು.

"ತುಂಡು, ತುಂಡು ಅಂತ ಊರೆಲ್ಲ ಒದರಿದೆಲ್ಲ. ಇಲ್ಲೈತಿ ನೋಡು. ಎಲುಬಿಗೆ ಹಾಕಿದ ಒಂದು ಪ್ಲೇಟು, ಎಂಟು ಸ್ಕ್ರೂ. ಹೋಗು, ಹಿರೇರಿಗೆ ತೋರಿಸು."

ಮಾಲತೇಶಪ್ಪ ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ವೀರೇಂದ್ರ ಬಿಡಲಿಲ್ಲ.