ಅಕ್ಕನ ಹಿತ್ತಲಿನ ಚೊಕ್ಕ ಬಾವಿ

ಬಾವಿಯಲ್ಲಿ ನಿಂತ ನೀರನ್ನು ನಂಬುವ ಹಾಗಿಲ್ಲ. ಪಂಪ್ ಹಾಕಿ ಅದನ್ನೆಲ್ಲ ಹೊರಗೆ ಚೆಲ್ಲಿ, ನೆಲದಿಂದ ಹೊಸ ನೀರು ಬಂದ ಮೇಲೆಯೇ ಬಾಟಲಿ ಹಿಡಿಯಬೇಕು. ಫಿರಂಗಿಗಳನ್ನು ಹಾರಿಸಿ ಪರೀಕ್ಷಿಸುತ್ತಿದ್ದ ಮೈದಾನ ಮುಚ್ಚಿದ ಮೇಲೆ, ಸುತ್ತಲಿನ ಬಾವಿಗಳ ನೀರನ್ನು ತಪಾಸಣೆಗೆ ಕಳಿಸುವುದೇ ಅವಳ ಕೆಲಸ. ಊರವರ ಬಾಯಲ್ಲಿ ಅವಳು ಬಾಟಲಿ ಮೇಡಂ. ಕೆಲಸದಲ್ಲಿ ಯಾರ ಮುಲಾಜಿಗೂ ಬೀಳುವವಳಲ್ಲ. ಆದರೆ ಇವತ್ತು ಅಕ್ಕನ ಹಿತ್ತಲಿನಲ್ಲಿ ಪಂಪ್ ಓಡುತ್ತಿದ್ದಾಗ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಭಾವ ಮಗಳಿಗೂ ಅವಳ ಹಸುಗೂಸಿಗೂ ಒಂದು ಕೋಣೆ ಕಟ್ಟಿಸಲು ಪಾಯ ತೋಡಿಸುತ್ತಿದ್ದರು. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಸುಟ್ಟು ಕರಕಲಾದ ಮಣ್ಣು, ಅದರ ತುಂಬ ಹಿತ್ತಾಳೆ ಚೂರುಗಳು.

"ಸೈಟಿನ ಜೊತೆ ಗುಜರಿ ಅಂಗಡೀನೂ ಪುಕ್ಕಟೆ ಸಿಕ್ತು ನೋಡು," ಎಂದು ಭಾವ ನಕ್ಕರು.

ಮೈದಾನದಲ್ಲಿ ಕಾವಲಿಗಿದ್ದ ಪಕ್ಕದ ಮನೆಯ ತಾತ ಕಾಂಪೌಂಡಿನ ಮೇಲಿಂದ ಇಣುಕಿದರು. "ಹಾಳಾದ ಫಿರಂಗಿ ಮದ್ದನ್ನ ಇಲ್ಲೇ ಗುಂಡೀಲಿ ಹಾಕಿ ಸುಡ್ತಿದ್ರು. ಆಗ ಮೈದಾನದ ಬೇಲಿ ಇನ್ನೂ ಮೇಲಿತ್ತು. ಆಮೇಲೆ ಬೇಲಿ ಕೆಳಗೆ ಸರಿಸಿ, ಇದಕ್ಕೆ ಮಣ್ಣು ಮುಚ್ಚಿ ಸೈಟ್ ಮಾಡಿ ಮಾರಿದ್ರು."

ಅವಳು ಬಗ್ಗಿ ಒಂದು ಹಿಡಿ ಕರಕಲು ಮಣ್ಣನ್ನು ಎತ್ತಿಕೊಂಡಳು. ಮದ್ದಿನ ವಿಷ ಎಲ್ಲೆಲ್ಲಿ ಹಬ್ಬಿದೆ ಎಂದು ತಿಳಿಯಲು, ಹೋಲಿಸಿ ನೋಡುವುದಕ್ಕೆ ಒಂದು ಚೊಕ್ಕ ಬಾವಿ ಬೇಕು. ಬೇಲಿಯಿಂದ ದೂರ, ಏರಿನ ಮೇಲಿದ್ದ ಅಕ್ಕನ ಬಾವಿಯನ್ನು ಆರಿಸಿದವಳು ಇವಳೇ. ಕೆಲಸವೂ ಆಯಿತು, ಅಕ್ಕನ ಕೈ ಊಟವೂ ಆಯಿತು ಎಂದು ಒಳಗೊಳಗೇ ಖುಷಿಪಟ್ಟಿದ್ದಳು. ಇಲ್ಲಿಯೂ ಆ ವಿಷದ ಅಂಶ ಒಂದಿಷ್ಟು ಕಂಡಾಗ, ಅದು ಈ ನೆಲದ ಸಹಜ ಗುಣ ಎಂದುಬಿಟ್ಟಿದ್ದಳು. ಅಲ್ಲಿಂದಾಚೆಗೆ ಯಾರ ನೀರು ಅಕ್ಕನ ಬಾವಿಯ ನೀರಿಗೆ ಸಮವೋ ಅವರಿಗೆಲ್ಲ ಒಂದೇ ಮಾತು: ಕಣ್ಣು ಮುಚ್ಚಿಕೊಂಡು ಕುಡಿಯಿರಿ.

ಪಂಪ್ ಕೂಡ ನಿಲ್ಲಿಸದೆ ಅಡುಗೆಮನೆಗೆ ನುಗ್ಗಿದಳು. ಅಕ್ಕ ಮೊಮ್ಮಗುವಿನ ಹಾಲಿನ ಪುಡಿಗೆ ನೀರು ಬೆರೆಸುತ್ತಿದ್ದಳು.

"ಅಕ್ಕಾ, ಆ ನೀರು ಬೇಡ."

"ಚೆನ್ನಾಗಿ ಕುದಿಸಿದ್ದೀನಿ ಕಣೇ."

"ಕುದಿಸಿದ್ರೆ ಹೋಗೋದಲ್ಲ ಇದು. ಕೊಡಿಲ್ಲಿ."

ಹಾಲನ್ನು ಸಿಂಕಿಗೆ ಸುರಿದಳು. ಒಳಗೆ ಮಗು ರಚ್ಚೆ ಹಿಡಿಯಿತು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸಿದಳು.

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಖಾಲಿ ಬಾಟಲಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಕೆಳಗಿನ ಬೀದಿ ಟೀಚರ್ ಬಸುರಿ. ನೀನು ಹೇಳಿದ ಮೇಲೆ ಕ್ಯಾನ್ ನೀರು ತರಿಸೋದನ್ನ ಬಿಟ್ಟಿದ್ದಾಳೆ."

ಆಫೀಸಿಗೆ ಫೋನ್ ಮಾಡಿದರೆ, ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ, ಅಲ್ಲಿಯವರೆಗೆ ಬಾಯಿ ಬಿಡಬೇಡಿ ಎನ್ನುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ತೆಗೆದುಕೊಂಡ ಫೋನನ್ನು ಚೀಲಕ್ಕೆ ಹಾಕಿ ಇಳಿಜಾರಿನಲ್ಲಿ ಹೆಚ್ಚುಕಡಿಮೆ ಓಡಿದಳು.

ಟೀಚರ್ ಬಾಗಿಲು ತೆಗೆದವಳೇ ಮುಖವರಳಿಸಿದಳು. "ಬನ್ನಿ ಮೇಡಂ. ಎಷ್ಟು ಏದುಸಿರು ಬಿಡ್ತಿದ್ದೀರಿ, ಕೂತ್ಕೊಳ್ಳಿ." ಒಳಗೆ ಹೋಗಿ ಒಂದು ಲೋಟ ನೀರು ತಂದು ಕೈಗಿತ್ತಳು. "ನಮ್ಮ ಬಾವೀದೇ. ನಿಮ್ಮಿಂದ ನಮಗೆ ಧೈರ್ಯ ಬಂತು."

"ಇದನ್ನ ಕುಡೀಬೇಡಿ ಅಮ್ಮ," ಎಂದಳು ಬಾಟಲಿ ಮೇಡಂ. "ನಾನು ಹೇಳಿದ್ದು ತಪ್ಪು."